ಬಿಸಿಲಿನಿಂದಲೋ, ಆಹಾರದಿಂದಲೋ?

ಸೂರ್ಯನ ಬೆಳಕನ್ನು ಹಿಡಿದು ಆಹಾರವನ್ನು ಸಿದ್ಧಪಡಿಸುವ ವಿದ್ಯೆ ಹಸುರು ಗಿಡಗಳಿಗೆ ಒಲಿದಿದೆಯೇ ಹೊರತು ಪ್ರಾಣಿಗಳಿಗೆ ಒಲಿದಿಲ್ಲ ಎಂಬುದು ನಾವೆಲ್ಲರೂ ಶಾಲೆಯಲ್ಲಿ ಕಲಿತ ಪಾಠ. ಹಸಿದವನು ಅಂಗಳದಲ್ಲಿ ಬಿಸಿಲು ಕಾಯುತ್ತ ಕುಳಿತರೆ ಅವನ ಹೊಟ್ಟೆ ತುಂಬುವುದಿಲ್ಲ. ಪಾಠವೇನೋ ಸರಿಯಾದುದೇ, ಆದರೆ ಅದಕ್ಕೆ ಒಂದು ಸಣ್ಣ ಅಪವಾದವುಂಟು. ನಮ್ಮ ದೇಹಕ್ಕೆ ಅತ್ಯಗತ್ಯವಾದ ಒಂದು ವಸ್ತುವನ್ನು ನಮ್ಮ ಚರ್ಮವೇ ಬಿಸಿಲಿನ ನೆರವಿನಿಂದ ತಯಾರಿಸಿಕೊಳ್ಳಬಲ್ಲದು. ಅದೇ ಜೀವಸತ್ತ್ವ ‘ಡಿ’. ಇದೇ ವಸ್ತುವನ್ನು ಕೆಲವು ಆಹಾರಗಳಿಂದಲೂ ಪಡೆಯಬಹುದು. ಹೀಗೆ ಎರಡು ಬಾಗಿಲುಗಳಿರುವ ಕಾರಣದಿಂದಲೇ ಇದರ ಗುಟ್ಟನ್ನು ಬಿಡಿಸಲು ವಿಜ್ಞಾನಿಗಳು ಬಹುಕಾಲ ತೊಳಲಬೇಕಾಯಿತು. ಎರಡು ಬಾಗಿಲುಗಳಿದ್ದೂ ಬಿಸಿಲ ನಾಡಾದ ಭಾರತದಲ್ಲಿ ಇದರ ಕೊರತೆ ಏಕೆ ತೋರಿಬರುತ್ತಿದೆ ಎಂಬುದು ಇಂದಿನ ಪ್ರಶ್ನೆ. ಇವೆರಡನ್ನೂ ಈ ಲೇಖನದಲ್ಲಿ ವಿಚಾರಿಸೋಣ.

ಬಾಗಿದ ಮೂಳೆಗಳು

ಮೂಳೆಯನ್ನು ನಾವು ಕಲ್ಲಿನಂತೆ ಗಟ್ಟಿಯಾದ, ಜಡವಾದ ವಸ್ತುವೆಂದು ಭಾವಿಸುವುದುಂಟು. ನಿಜವಾಗಿ ಅದು ಸಜೀವವಾದ ಅಂಗ. ನಾರಿನಂತಹ ಒಂದು ಹಂದರದ ಮೇಲೆ ಕ್ಯಾಲ್ಸಿಯಂ ಮತ್ತು ರಂಜಕದ ಲವಣಗಳು ಕೂಡಿಕೊಂಡಾಗ ಮಾತ್ರ ಅದಕ್ಕೆ ಗಡಸುತನ ಬರುತ್ತದೆ. ಬೆಳೆಯುವ ಮಗುವಿನಲ್ಲಿ ಈ ಲವಣಗಳು ಸಾಲದೆ ಹೋದರೆ ಹಂದರ ಬೆಳೆಯುತ್ತದೆ, ಗಾರೆ ಬೀಳುವುದಿಲ್ಲ. ಆಗ ಮೈಭಾರವನ್ನು ಹೊರಲಾರದೆ ಕಾಲುಗಳು ಬಿಲ್ಲಿನಂತೆ ಬಾಗುತ್ತವೆ, ಮಣಿಕಟ್ಟುಗಳು ದಪ್ಪವಾಗುತ್ತವೆ, ಎದೆಗೂಡು ಆಕಾರಗೆಡುತ್ತದೆ. ಈ ರೋಗವೇ ರಿಕೆಟ್ಸ್. ಬೆಳೆದವರಲ್ಲಿ ಇದೇ ಕೊರತೆಯಿಂದ ಮೂಳೆ ಮೆತುವಾಗಿ ನೋವು ಕಾಣಿಸಿಕೊಳ್ಳುವುದು, ಅದನ್ನು ಅಸ್ಥಿಮಾರ್ದವವೆನ್ನುತ್ತಾರೆ.

1645 ರಲ್ಲಿ ಡೇನಿಯಲ್ ವಿಸ್ಲರ್ ಎಂಬ ಇಂಗ್ಲಿಷ್ ವೈದ್ಯನೂ 1650 ರಲ್ಲಿ ಫ್ರಾನ್ಸಿಸ್ ಗ್ಲಿಸನ್ ಎಂಬಾತನೂ ಈ ರೋಗವನ್ನು ವಿವರವಾಗಿ ವರ್ಣಿಸಿದರು. ಮುಂದೆ ಯೂರೋಪಿನಲ್ಲಿ ಕಾರ್ಖಾನೆಗಳು ಎದ್ದು ನಗರಗಳ ಆಕಾಶವೆಲ್ಲ ಕಲ್ಲಿದ್ದಲ ಹೊಗೆಯಿಂದ ಮುಸುಕಿತು. ಇಕ್ಕಟ್ಟಾದ ಓಣಿಗಳಲ್ಲಿ ಬೆಳೆದ ಮಕ್ಕಳಲ್ಲಿ ರಿಕೆಟ್ಸ್ ಮನೆಮಾತಾಯಿತು. 1822 ರಲ್ಲಿ ಪೋಲೆಂಡಿನ ಯೆಂಜೆಯ್ ಸ್ನ್ಯಾದೆತ್ಸ್ಕಿ ಎಂಬ ವಿದ್ವಾಂಸನು ವಾರ್ಸಾ ನಗರದ ಮಕ್ಕಳಲ್ಲಿ ಈ ರೋಗ ಹೆಚ್ಚು, ಸುತ್ತಲಿನ ಹಳ್ಳಿಗಳ ಮಕ್ಕಳಲ್ಲಿ ಕಡಮೆ ಎಂಬುದನ್ನು ಗುರುತಿಸಿ, ಬಿಸಿಲೇ ಇದಕ್ಕೆ ಮದ್ದೆಂದು ಹೇಳಿದನು. ಜಪಾನಿನಲ್ಲಿ ವೈದ್ಯವೃತ್ತಿ ನಡೆಸಿ ಇಂಗ್ಲೆಂಡಿಗೆ ಮರಳಿದ ಥಿಯೊಬಾಲ್ಡ್ ಪಾಮ್ ಎಂಬಾತನು ಇನ್ನೂ ಮುಂದೆ ಹೋದನು. ಜಪಾನಿನಲ್ಲಿ ಅಪೂರ್ವವಾಗಿದ್ದ ರಿಕೆಟ್ಸ್ ತನ್ನ ನಾಡಿನಲ್ಲಿ ಎಲ್ಲೆಲ್ಲಿಯೂ ಕಾಣುವುದೇಕೆಂದು ಯೋಚಿಸಿ, ಏಷ್ಯಾದ ಬೇರೆಬೇರೆ ಕಡೆಗಳಲ್ಲಿದ್ದ ವೈದ್ಯರಿಗೆ ಪತ್ರ ಬರೆದು ಮಾಹಿತಿಯನ್ನು ಕೂಡಿಸಿದನು. ಬಡವರ ಆಹಾರ ಹೀನವಾಗಿದ್ದರೂ ಬಿಸಿಲು ಧಾರಾಳವಾಗಿರುವಲ್ಲಿ ರೋಗವಿಲ್ಲ ಎಂಬುದು 1890 ರಲ್ಲಿ ಅವನು ಪ್ರಕಟಿಸಿದ ನಿರ್ಣಯ. ಆದರೆ ಬಿಸಿಲಿಗೂ ಮೂಳೆಗೂ ಎತ್ತಣ ಸಂಬಂಧ? ಯಾರೂ ಇದನ್ನು ಕಿವಿಗೆ ಹಾಕಿಕೊಳ್ಳಲಿಲ್ಲ.

ಎರಡು ಪಕ್ಷಗಳು

ಮೊದಲನೆಯ ಮಹಾಯುದ್ಧ ಮುಗಿಯುವ ವೇಳೆಗೆ ವಿಜ್ಞಾನಿಗಳಲ್ಲಿ ಎರಡು ಪಕ್ಷಗಳು ಎದ್ದುನಿಂತವು. ಲಂಡನ್ನಿನಲ್ಲಿ ಎಡ್ವರ್ಡ್ ಮೆಲ್ಲನ್‌ಬಿ ನಾಯಿಮರಿಗಳನ್ನು ಮನೆಯೊಳಗೇ ಇರಿಸಿ, ಓಟ್ಸ್ ಗಂಜಿಯೇ ಮುಖ್ಯವಾದ ಆಹಾರವನ್ನು ಕೊಟ್ಟು ಸಾಕಿದನು. ಮರಿಗಳಿಗೆ ರಿಕೆಟ್ಸ್ ತಗುಲಿತು. ಕಾಡ್ ಎಂಬ ಮೀನಿನ ಯಕೃತ್ತಿನಿಂದ ತೆಗೆದ ಎಣ್ಣೆಯನ್ನು ಆಹಾರಕ್ಕೆ ಸೇರಿಸಿದಾಗ ರೋಗ ತಪ್ಪಿತು. ಆದುದರಿಂದ ಇದು ಆಹಾರದ ಕೊರತೆಯೇ ಎಂದು 1919 ರಲ್ಲಿ ಅವನು ಸಾರಿದನು.

ಅದೇ ವರ್ಷ ಬರ್ಲಿನ್ನಿನಲ್ಲಿ ಕುರ್ಟ್ ಹುಲ್ಡ್‌ಶಿನ್‌ಸ್ಕಿ ಎಂಬ ಮಕ್ಕಳ ವೈದ್ಯನು ರಿಕೆಟ್ಸ್ ಪೀಡಿತರಾದ ನಾಲ್ವರು ಮಕ್ಕಳಿಗೆ ಯಾವ ಎಣ್ಣೆಯನ್ನೂ ಕುಡಿಸದೆ, ಪಾದರಸದ ಆವಿಯ ದೀಪದ ಬೆಳಕನ್ನು ಮಾತ್ರ ಮೈಮೇಲೆ ಬೀಳಿಸಿ ಗುಣಪಡಿಸಿದುದನ್ನು ವರದಿಮಾಡಿದನು. ಅವನ ಮತ್ತೊಂದು ಪರೀಕ್ಷೆ ಇನ್ನೂ ಸ್ವಾರಸ್ಯವಾದುದು. ಮಗುವಿನ ಒಂದು ತೋಳಿಗೆ ಮಾತ್ರ ಬೆಳಕು ಬೀಳಿಸಿ ಎಕ್ಸ್-ಕಿರಣಗಳಿಂದ ನೋಡಿದಾಗ, ಬೆಳಕು ಸೋಕದ ಇನ್ನೊಂದು ತೋಳಿನ ಮೂಳೆಯೂ ಕೂಡಿಕೊಳ್ಳುತ್ತಿತ್ತು! ಅಂದರೆ ಬೆಳಕು ನೇರವಾಗಿ ಮೂಳೆಯನ್ನು ಗಟ್ಟಿಮಾಡುವುದಿಲ್ಲ. ಚರ್ಮದಲ್ಲಿ ಏನೋ ಒಂದು ವಸ್ತುವನ್ನು ಹುಟ್ಟಿಸುತ್ತದೆ. ಅದು ರಕ್ತದೊಡನೆ ಹರಿದು ಮೈಯೆಲ್ಲವನ್ನೂ ಮುಟ್ಟುತ್ತದೆ ಎಂದಾಯಿತು.

ಒಬ್ಬನು ಆಹಾರವೆನ್ನುತ್ತಾನೆ, ಇನ್ನೊಬ್ಬನು ಬೆಳಕೆನ್ನುತ್ತಾನೆ. ಇಬ್ಬರ ಪ್ರಯೋಗವೂ ಸುಳ್ಳಲ್ಲ. ಯುದ್ಧದಿಂದ ಕಂಗೆಟ್ಟಿದ್ದ ವಿಯೆನ್ನಾ ನಗರಕ್ಕೆ ಹೋದ ಹ್ಯಾರಿಯಟ್ ಚಿಕ್ ಎಂಬ ಇಂಗ್ಲಿಷ್ ಮಹಿಳೆ ಅಲ್ಲಿಯ ಆಸ್ಪತ್ರೆಯ ಶಿಶುಗಳಲ್ಲಿ ಎರಡನ್ನೂ ಪರೀಕ್ಷಿಸಿ, ಮೀನೆಣ್ಣೆಯಾದರೂ ಸರಿ, ಬೆಳಕಾದರೂ ಸರಿ, ರೋಗ ವಾಸಿಯಾಗುವುದೆಂದು ತೋರಿಸಿದಳು. 1922 ರಲ್ಲಿ ಅಮೆರಿಕೆಯ ಎಲ್ಮರ್ ಮೆಕಾಲಮ್ ಮೀನೆಣ್ಣೆಯನ್ನು ಕಾಯಿಸಿ ಅದರೊಳಗೆ ಆಮ್ಲಜನಕವನ್ನು ಹಾಯಿಸಿದನು. ಅದರಲ್ಲಿದ್ದ ಜೀವಸತ್ತ್ವ ‘ಎ’ ನಾಶವಾಯಿತು. ರಿಕೆಟ್ಸನ್ನು ಗುಣಪಡಿಸುವ ಶಕ್ತಿ ಮಾತ್ರ ಹಾಗೆಯೇ ಉಳಿಯಿತು. ಎ, ಬಿ, ಸಿ ಎಂಬ ಹೆಸರುಗಳು ಆಗಲೇ ಬಳಕೆಯಲ್ಲಿದ್ದುದರಿಂದ ಈ ಹೊಸ ವಸ್ತುವಿಗೆ ‘ಡಿ’ ಎಂಬ ಹೆಸರು ಸಂದಿತು.

ಎರಡು ಪಕ್ಷಗಳ ನಡುವೆ ಸೇತುವೆ ಕಟ್ಟಿದವನು ವಿಸ್ಕಾನ್ಸಿನ್ ವಿಶ್ವವಿದ್ಯಾನಿಲಯದ ಹ್ಯಾರಿ ಸ್ಟೀನ್‌ಬಾಕ್. ಇಲಿಗಳಿಗೆ ಬೆಳಕು ಕೊಡುವ ಬದಲು ಅವುಗಳ ಆಹಾರಕ್ಕೇ ಬೆಳಕು ಕೊಟ್ಟರೂ ರೋಗ ತಪ್ಪುತ್ತದೆಂದು 1924 ರಲ್ಲಿ ಅವನು ತೋರಿಸಿದನು. ಕೆಲವು ಆಹಾರಗಳಲ್ಲಿ ಜೀವಸತ್ತ್ವದ ಪೂರ್ವರೂಪವಿದೆ, ಬೆಳಕು ಅದನ್ನು ಜೀವಸತ್ತ್ವವಾಗಿ ಮಾರ್ಪಡಿಸುತ್ತದೆ ಎಂಬುದು ಇದರಿಂದ ಸ್ಪಷ್ಟವಾಯಿತು. ಈ ಪೂರ್ವರೂಪಗಳು ಸ್ಟೆರಾಲ್ ಎಂಬ ವರ್ಗಕ್ಕೆ ಸೇರಿದವು. ಅವುಗಳ ರಚನೆಯನ್ನು ಶೋಧಿಸಿದ ಜರ್ಮನಿಯ ಅಡಾಲ್ಫ್ ವಿಂಡೌಸ್‌ಗೆ 1928 ರ ರಸಾಯನಶಾಸ್ತ್ರದ ನೊಬೆಲ್ ಪಾರಿತೋಷಕ ದೊರೆಯಿತು.

ಚರ್ಮದಿಂದ ಮೂಳೆಯವರೆಗೆ

ಚರ್ಮದಲ್ಲಿ ನಡೆಯುವ ಕಾರ್ಯವಾದರೂ ಏನು? ಸೂರ್ಯನ ಬೆಳಕಿನಲ್ಲಿ ಕಣ್ಣಿಗೆ ಕಾಣುವ ಬಣ್ಣಗಳಲ್ಲದೆ, ನೇರಳೆಯಾಚೆಗೆ ಕಣ್ಣಿಗೆ ಕಾಣದ ಕಿರಣಗಳೂ ಇವೆ. ಈ ಅತಿನೇರಳೆ ಕಿರಣಗಳಲ್ಲಿ ತರಂಗದ ಉದ್ದ ಸುಮಾರು 290 ರಿಂದ 315 ನ್ಯಾನೊಮೀಟರ್ ಇರುವ ಭಾಗವೇ ನಮಗೆ ಬೇಕಾದುದು. ಇದಕ್ಕೆ ‘ಬಿ’ ವರ್ಗದ ಅತಿನೇರಳೆ ಎಂದು ಹೆಸರು. ಚರ್ಮದಲ್ಲಿ ಕೊಲೆಸ್ಟರಾಲಿನ ಹತ್ತಿರದ ಸಂಬಂಧಿಯಾದ ಒಂದು ಸ್ಟೆರಾಲ್ ಇದೆ. ಈ ಕಿರಣ ತಾಗಿದಾಗ ಅದರ ಅಣುವಿನ ಒಂದು ಉಂಗುರ ಬಿಚ್ಚಿಕೊಳ್ಳುತ್ತದೆ. ಅನಂತರ ಮೈಯ ಶಾಖದಿಂದಲೇ ನಿಧಾನವಾಗಿ ಅದು ಜೀವಸತ್ತ್ವ ‘ಡಿ’ ಆಗಿ ಪರಿಣಮಿಸುತ್ತದೆ.

ಇಲ್ಲಿ ಪ್ರಕೃತಿಯ ಒಂದು ಜಾಣ್ಮೆಯನ್ನು ಗಮನಿಸಬೇಕು. ಬಿಸಿಲಿನಲ್ಲಿ ಹೆಚ್ಚು ಹೊತ್ತು ನಿಂತರೆ ಜೀವಸತ್ತ್ವವೇನೂ ರಾಶಿ ಬೀಳುವುದಿಲ್ಲ. ಹೆಚ್ಚಾದುದನ್ನು ಅದೇ ಬಿಸಿಲು ಬೇರೆ ನಿರುಪಯುಕ್ತ ವಸ್ತುಗಳನ್ನಾಗಿ ಒಡೆದುಹಾಕುತ್ತದೆ. ಆದುದರಿಂದ ಬಿಸಿಲಿನಿಂದ ಈ ಜೀವಸತ್ತ್ವ ವಿಷಮಟ್ಟಕ್ಕೆ ಏರುವುದಿಲ್ಲ. ಸುಟ್ಟು ಕೆಂಪಾಗುವ ತನಕ ಬಿಸಿಲಿನಲ್ಲಿ ನಿಲ್ಲುವುದರಿಂದ ಚರ್ಮಕ್ಕೆ ಕೇಡೇ ಹೊರತು ಮೂಳೆಗೆ ಲಾಭವಿಲ್ಲ.

ಚರ್ಮದಲ್ಲಿ ಹುಟ್ಟಿದುದಾಗಲಿ, ಆಹಾರದಲ್ಲಿ ಬಂದುದಾಗಲಿ, ಜೀವಸತ್ತ್ವ ‘ಡಿ’ ಕೂಡಲೇ ಕೆಲಸಕ್ಕೆ ಒದಗುವುದಿಲ್ಲ. ಮೊದಲು ಅದು ಯಕೃತ್ತಿನಲ್ಲಿ ಒಂದು ಮಾರ್ಪಾಟನ್ನು ಹೊಂದುತ್ತದೆ. ವೈದ್ಯರು ರಕ್ತಪರೀಕ್ಷೆಯಲ್ಲಿ ಅಳೆಯುವುದು ಈ ರೂಪವನ್ನೇ. ಅದನ್ನು ಹೆಕ್ಟರ್ ಡಿಲೂಕ ಮತ್ತು ಸಂಗಡಿಗರು 1968 ರಲ್ಲಿ ಗುರುತಿಸಿದರು. ಎರಡನೆಯ ಮಾರ್ಪಾಟು ಮೂತ್ರಪಿಂಡದಲ್ಲಿ ನಡೆಯುತ್ತದೆ ಎಂಬುದನ್ನು ಕೇಂಬ್ರಿಜಿನ ಫ್ರೇಸರ್ ಮತ್ತು ಕೊಡಿಚೆಕ್ 1970 ರಲ್ಲಿ ತೋರಿಸಿದರು. ಈ ಕೊನೆಯ ರೂಪ ಸಣ್ಣಕರುಳಿಗೆ ಹೋಗಿ, ಉಂಡ ಅನ್ನದಲ್ಲಿರುವ ಕ್ಯಾಲ್ಸಿಯಂ ಅನ್ನು ರಕ್ತಕ್ಕೆ ಸೇರಿಸಿಕೊಳ್ಳುವಂತೆ ಪ್ರೇರೇಪಿಸುತ್ತದೆ. ಒಂದು ಅಂಗದಲ್ಲಿ ಹುಟ್ಟಿ ಇನ್ನೊಂದು ಅಂಗಕ್ಕೆ ಆಜ್ಞೆ ಕೊಡುವ ವಸ್ತುವಿಗೆ ಹಾರ್ಮೋನ್ ಎಂದು ಹೆಸರು. ಆ ಲೆಕ್ಕದಲ್ಲಿ ಜೀವಸತ್ತ್ವವೆಂದು ನಾವು ಕರೆಯುತ್ತಿರುವುದು ವಾಸ್ತವವಾಗಿ ಒಂದು ಹಾರ್ಮೋನಿನ ಕಚ್ಚಾಸಾಮಗ್ರಿ.

ನೆರಳಿನ ಲೆಕ್ಕ

ಬಿಸಿಲು ಇದ್ದ ಮಾತ್ರಕ್ಕೆ ಜೀವಸತ್ತ್ವ ದೊರೆಯುವುದೆಂದು ತಿಳಿಯಬಾರದು. ‘ಬಿ’ ವರ್ಗದ ಕಿರಣಗಳನ್ನು ವಾಯುಮಂಡಲದ ಓಜೋನ್ ಬಹುಪಾಲು ಹೀರಿಕೊಳ್ಳುತ್ತದೆ. ಸೂರ್ಯ ನೆತ್ತಿಯ ಮೇಲಿದ್ದಾಗ ಕಿರಣಗಳು ಓಜೋನ್ ಪದರವನ್ನು ನೇರವಾಗಿ ದಾಟುವುವು, ದಾರಿ ಹ್ರಸ್ವ. ಸೂರ್ಯ ಕೆಳಗಿದ್ದಾಗ ಓರೆಯಾಗಿ ದಾಟಬೇಕು. ದಾರಿ ದೀರ್ಘ, ನಷ್ಟವೂ ಹೆಚ್ಚು. ಇದನ್ನು ತಿಳಿಯಲು ಯಾವ ಉಪಕರಣವೂ ಬೇಡ. ನಮ್ಮ ನೆರಳೇ ಸಾಕು. ನೆರಳು ನಮ್ಮ ಎತ್ತರಕ್ಕಿಂತ ಗಿಡ್ಡವಾಗಿದ್ದರೆ ಸೂರ್ಯ 45 ಡಿಗ್ರಿಗಿಂತ ಮೇಲಿದ್ದಾನೆಂದೂ ಜೀವಸತ್ತ್ವ ಚೆನ್ನಾಗಿ ಹುಟ್ಟುವ ಹೊತ್ತೆಂದೂ ಸ್ಥೂಲವಾಗಿ ತಿಳಿಯಬಹುದು.

ಓದುಗರು ಈ ಲೆಕ್ಕವನ್ನು ತಾವೇ ಮಾಡಿ ನೋಡಬಹುದು. ಡಿಸೆಂಬರ್ 21 ರ ಸುಮಾರಿಗೆ ನಮಗೆ ಸೂರ್ಯ ಅತ್ಯಂತ ದಕ್ಷಿಣದಲ್ಲಿರುತ್ತಾನೆ. ಅಂದು ನಡುಹಗಲಿನಲ್ಲಿ ಅವನ ಎತ್ತರವನ್ನು ತಿಳಿಯಲು 90 ರಿಂದ ಊರಿನ ಅಕ್ಷಾಂಶವನ್ನೂ 23.4 ನ್ನೂ ಕಳೆದರಾಯಿತು. ಬೆಂಗಳೂರಿನ ಅಕ್ಷಾಂಶ ಸುಮಾರು 13; ಸೂರ್ಯನ ಎತ್ತರ ಸುಮಾರು 53 ಡಿಗ್ರಿ; ನೆರಳು ನಮ್ಮ ಎತ್ತರದ ಮುಕ್ಕಾಲು ಭಾಗ. ದೆಹಲಿಯಲ್ಲಿ ಸೂರ್ಯ ಸುಮಾರು 38 ಡಿಗ್ರಿ ಮಾತ್ರ ಏರುತ್ತಾನೆ. ಅಲ್ಲಿ ನಡುಹಗಲಿನ ನೆರಳೂ ಆಳಿಗಿಂತ ಉದ್ದ. ಅಮೆರಿಕೆಯ ಬಾಸ್ಟನ್ನಿನಲ್ಲಿ ಎತ್ತರ ಸುಮಾರು 24 ಡಿಗ್ರಿ. ನೆರಳು ಆಳಿನ ಎರಡು ಪಟ್ಟಿಗಿಂತ ಹೆಚ್ಚು. ಬಾಸ್ಟನ್ನಿನಲ್ಲಿ ನವೆಂಬರಿನಿಂದ ಫೆಬ್ರವರಿಯವರೆಗೆ ಬಿಸಿಲಿನಿಂದ ಜೀವಸತ್ತ್ವ ಹುಟ್ಟುವುದೇ ಇಲ್ಲವೆಂದು 1988 ರಲ್ಲಿ ಪ್ರಕಟವಾದ ಪ್ರಯೋಗಗಳು ತೋರಿಸಿದವು. ಅಂತಹ ನಾಡಿನವರು ಚಳಿಗಾಲದಲ್ಲಿ ಬೇಸಿಗೆಯ ಸಂಗ್ರಹವನ್ನೋ ಆಹಾರವನ್ನೋ ನಂಬಬೇಕು. ಇನ್ನೂ ಉತ್ತರದ ಹಿಮಪ್ರದೇಶದ ಇನ್ಯುಯಿಟ್ ಜನರು ಹೀಗೆಯೇ ಎಣ್ಣೆಮೀನು ಮತ್ತು ಕಡಲಪ್ರಾಣಿಗಳನ್ನು ತಿಂದು ಬಾಳಿದರು. ಫಿನ್ಲೆಂಡ್ ದೇಶ 2003 ರಿಂದ ಹಾಲಿಗೆ ಈ ಜೀವಸತ್ತ್ವವನ್ನು ಬೆರಸತೊಡಗಿತು. 2010 ರಲ್ಲಿ ಅದರ ಪ್ರಮಾಣವನ್ನು ಇಮ್ಮಡಿಗೊಳಿಸಿತು.

ದೀಪದ ಕೆಳಗೆ ಕತ್ತಲು

ಈ ಲೆಕ್ಕದ ಪ್ರಕಾರ ನಮ್ಮ ನಾಡಿನಲ್ಲಿ ವರ್ಷದ ಯಾವ ದಿನವೂ ಕೊರತೆ ಇರಬಾರದು. ಬೆಂಗಳೂರಿನ ಅಕ್ಷಾಂಶಕ್ಕೆ ಸಮೀಪದಲ್ಲಿರುವ ತಿರುಪತಿಯಲ್ಲಿ ಹರಿನಾರಾಯಣ್ ಮತ್ತು ಸಂಗಡಿಗರು ನಡೆಸಿದ ಅಧ್ಯಯನದಲ್ಲಿ ಹನ್ನೊಂದು ಗಂಟೆಯಿಂದ ಎರಡು ಗಂಟೆಯವರೆಗಿನ ಬಿಸಿಲು ಅತ್ಯಂತ ಫಲಕಾರಿಯೆಂದು ಕಂಡುಬಂದಿತು. ಹಾಗಿದ್ದರೂ ಭಾರತದ ನಗರಗಳಲ್ಲಿ ನಡೆದ ಅಧ್ಯಯನಗಳಲ್ಲಿ ಅನೇಕರ ರಕ್ತದಲ್ಲಿ ಈ ಜೀವಸತ್ತ್ವ ಕಡಮೆಯಾಗಿರುವುದು ಮತ್ತೆ ಮತ್ತೆ ಕಂಡುಬಂದಿದೆ. ಕಾರಣವೇನು?

ಉತ್ತರದ ಸುಳಿವು ನೂರು ವರ್ಷಗಳಷ್ಟು ಹಿಂದೆಯೇ ದೊರೆತಿತ್ತು. 1922 ರಲ್ಲಿ ಹಚಿಸನ್ ಮತ್ತು ಷಾ ಎಂಬ ವೈದ್ಯರು ನಾಸಿಕದ ಕಡೆಯ ಕುಟುಂಬಗಳನ್ನು ಪರೀಕ್ಷಿಸಿದ ವರದಿಯನ್ನು ಪ್ರಕಟಿಸಿದರು. ಚೆನ್ನಾಗಿ ಉಂಡುಟ್ಟು, ಪರದೆಯ ಕಟ್ಟಳೆಯಿಂದ ಒಳಮನೆಯಲ್ಲೇ ಇರುತ್ತಿದ್ದ ಹೆಂಗಸರಲ್ಲಿಯೂ ಅವರ ಮಕ್ಕಳಲ್ಲಿಯೂ ಮೂಳೆರೋಗ ಕಾಣಿಸಿತು. ಒಪ್ಪೊತ್ತಿನ ಊಟಕ್ಕೂ ಕಷ್ಟಪಡುತ್ತ ಹೊಲದಲ್ಲಿ ದುಡಿಯುತ್ತಿದ್ದ ಬಡವರಲ್ಲಿ ಕಾಣಿಸಲಿಲ್ಲ. ಬಿಸಿಲು ಊರಿನಲ್ಲಿದ್ದರೆ ಸಾಲದು, ಮೈಮೇಲೆ ಬೀಳಬೇಕು ಎಂಬುದು ಇದರ ತಾತ್ಪರ್ಯ. 2000 ದಲ್ಲಿ ದೆಹಲಿಯಲ್ಲಿ ಗೋಸ್ವಾಮಿ ಮತ್ತು ಸಂಗಡಿಗರು ಪ್ರಕಟಿಸಿದ ಅಧ್ಯಯನದಲ್ಲಿಯೂ ಬಯಲಿನಲ್ಲಿ ಕವಾಯತು ಮಾಡುವ ಸೈನಿಕರ ರಕ್ತದಲ್ಲಿ ಜೀವಸತ್ತ್ವ ಸಾಕಷ್ಟಿತ್ತು; ಆಸ್ಪತ್ರೆಯ ಒಳಗೆ ದುಡಿಯುವ ವೈದ್ಯರಲ್ಲಿಯೂ ದಾದಿಯರಲ್ಲಿಯೂ ಕಡಮೆಯಿತ್ತು. ರೋಗವನ್ನು ಗುಣಪಡಿಸುವವರಲ್ಲೇ ಕೊರತೆ!

ಇಂದು ಪರದೆಯ ಸ್ಥಾನವನ್ನು ಗಾಜಿನ ಕಿಟಕಿ ಆಕ್ರಮಿಸಿದೆ ಎಂದರೆ ತಪ್ಪಾಗದು. ಸಾಮಾನ್ಯ ಗಾಜು ಬೆಳಕನ್ನೂ ಶಾಖವನ್ನೂ ಒಳಗೆ ಬಿಡುತ್ತದೆ. ‘ಬಿ’ ವರ್ಗದ ಕಿರಣಗಳನ್ನು ತಡೆಯುತ್ತದೆ. ಕಿಟಕಿಯ ಬಳಿ ಕುಳಿತು ಬಿಸಿಲು ಕಾಯುವವನಿಗೆ ಬೆವರು ಬರುವುದು, ಜೀವಸತ್ತ್ವ ಬಾರದು. ಶಾಲೆ ಕಾಲೇಜುಗಳ ಪಾಠದ ವೇಳೆಯೂ ಫಲಕಾರಿಯಾದ ಬಿಸಿಲಿನ ವೇಳೆಯೂ ಒಂದೇ. ಮೈತುಂಬ ಉಡುಪು, ನಗರದ ಹೊಗೆ ಧೂಳು ಇವೂ ಅಡ್ಡಿಗಳು. 2002 ರಲ್ಲಿ ದೆಹಲಿಯಿಂದ ಪ್ರಕಟವಾದ ಒಂದು ಅಧ್ಯಯನದಲ್ಲಿ, ಹೊಗೆ ಹೆಚ್ಚಾಗಿದ್ದ ಮೋರಿ ಗೇಟ್ ಪ್ರದೇಶದ ಎಳೆಮಕ್ಕಳ ರಕ್ತದಲ್ಲಿ, ಹೊಗೆ ಕಡಮೆಯಿದ್ದ ಗುರಗಾಂವಿನ ಮಕ್ಕಳಿಗಿಂತ ಈ ಜೀವಸತ್ತ್ವ ಕಡಮೆಯಿತ್ತು.

ಚರ್ಮದ ಬಣ್ಣವೂ ಮುಖ್ಯವಾದುದು. ಚರ್ಮಕ್ಕೆ ಕಪ್ಪನ್ನು ಕೊಡುವ ಮೆಲನಿನ್ ಎಂಬ ವರ್ಣವಸ್ತು ನಮ್ಮನ್ನು ಉರಿಬಿಸಿಲಿನಿಂದ ಕಾಪಾಡುವ ಕೊಡೆ. ಆದರೆ ಅದೇ ಕೊಡೆ ಜೀವಸತ್ತ್ವಕ್ಕೆ ಬೇಕಾದ ಕಿರಣವನ್ನೂ ತಡೆಯುವುದರಿಂದ, ಬಿಳಿಯರಿಗೆ ಸಾಕಾಗುವ ಬಿಸಿಲು ನಮಗೆ ಸಾಲದು. ಬ್ರಿಟನ್ನಿನ ಗ್ಲಾಸ್ಗೋ ನಗರಕ್ಕೆ ವಲಸೆ ಹೋದ ಪಾಕಿಸ್ತಾನಿ ಕುಟುಂಬಗಳಲ್ಲಿ ರಿಕೆಟ್ಸ್ ಮತ್ತೆ ತಲೆಯೆತ್ತಿದುದು 1962 ರಲ್ಲಿ ವರದಿಯಾಯಿತು. ಕೊರತೆಯ ಕಾರಣ ಅವರ ಚರ್ಮವೊಂದೇ ಅಲ್ಲ. ಮಂಕು ಬಿಸಿಲು, ಉಡುಪು, ಆಹಾರ ಇವೆಲ್ಲವೂ ಕೂಡಿದ್ದವು.

ಇನ್ನು ನಮ್ಮ ಮನೆಗಳ ಒಂದು ಪದ್ಧತಿ. ಎಳೆಗೂಸಿಗೆ ಎಣ್ಣೆಯೊತ್ತಿ ಎಳೆಬಿಸಿಲಿಗೆ ಹಿಡಿಯುವುದು ಸುಖಕರವಾದ ರೂಢಿಯೇ. ಆದರೆ ಸೂರ್ಯ ಕೆಳಗಿರುವ ಆ ಹೊತ್ತಿನಲ್ಲಿ ‘ಬಿ’ ವರ್ಗದ ಕಿರಣಗಳು ತೀರ ಕಡಮೆ. ತಾಯಿಯ ಹಾಲಿನಲ್ಲಿಯೂ ಈ ಜೀವಸತ್ತ್ವ ಅತ್ಯಲ್ಪ. ಇದರಿಂದಲೇ ಮಕ್ಕಳ ವೈದ್ಯರು ಮೊದಲ ವರ್ಷದಲ್ಲಿ ದಿನಕ್ಕೆ 400 ಯೂನಿಟ್ ಜೀವಸತ್ತ್ವವನ್ನು ಹನಿಗಳ ರೂಪದಲ್ಲಿ ಕೊಡಿಸುತ್ತಾರೆ.

ತಟ್ಟೆಯಲ್ಲಿ ಎಷ್ಟು?

ಬಿಸಿಲಿನ ಬಾಗಿಲು ಮುಚ್ಚಿದರೆ ಆಹಾರದ ಬಾಗಿಲುಂಟಲ್ಲ ಎನ್ನಬಹುದು. ಆದರೆ ಅದು ಬಹಳ ಕಿರಿದು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಲಿ 2020 ರಲ್ಲಿ ಸೂಚಿಸಿದ ದಿನದ ಪ್ರಮಾಣ 600 ಯೂನಿಟ್, ಅಂದರೆ 15 ಮೈಕ್ರೊಗ್ರಾಂ. ಒಂದು ಕೋಳಿಮೊಟ್ಟೆಯ ಭಂಡಾರದಲ್ಲಿರುವುದು ಸುಮಾರು 40 ಯೂನಿಟ್. ಮೊಟ್ಟೆಯನ್ನೇ ನಂಬಿದರೆ ದಿನಕ್ಕೆ ಹದಿನೈದು ತಿನ್ನಬೇಕು! ಹಸುವಿನ ಹಾಲಿನಲ್ಲಿ ಸಹಜವಾಗಿ ಇರುವುದು ತೀರ ಸ್ವಲ್ಪ. ನಮ್ಮ ಕರಾವಳಿಯವರ ಬಂಗುಡೆ, ಬೂತಾಯಿಯಂತಹ ಎಣ್ಣೆಮೀನುಗಳು ಒಳ್ಳೆಯ ಆಕರಗಳು. ಅಕ್ಕಿ, ರಾಗಿ, ಬೇಳೆ, ಸೊಪ್ಪು, ಹಣ್ಣುಗಳಲ್ಲಿ ಇಲ್ಲವೆಂದೇ ಹೇಳಬೇಕು. ಸಸ್ಯಾಹಾರಿಗಳಿಗೆ ಉಳಿಯುವುದು ಬಿಸಿಲಿಗೊಡ್ಡಿದ ಅಣಬೆ. ಅಣಬೆಯಲ್ಲಿರುವ ಎರ್ಗೊಸ್ಟೆರಾಲ್ ಬೆಳಕಿನಿಂದ ಜೀವಸತ್ತ್ವ ‘ಡಿ2’ ಆಗುತ್ತದೆ. ಈಚೆಗೆ ನಮ್ಮ ದೇಶದಲ್ಲಿಯೂ ಹಾಲಿಗೆ ಮತ್ತು ಅಡಿಗೆಯ ಎಣ್ಣೆಗೆ ಜೀವಸತ್ತ್ವವನ್ನು ಬೆರಸುವ ಕ್ರಮ ಬಂದಿದೆ. ಅಂತಹ ಪೊಟ್ಟಣಗಳ ಮೇಲೆ ‘+ಎಫ್’ ಎಂಬ ಗುರುತಿರುತ್ತದೆ.

ಹಾಗೆಂದು ಉಳಿದ ಆಹಾರವನ್ನು ಕಡೆಗಣಿಸುವಂತಿಲ್ಲ. ಜೀವಸತ್ತ್ವವೆಂಬುದು ಮೇಸ್ತ್ರಿ, ಕ್ಯಾಲ್ಸಿಯಂ ಇಟ್ಟಿಗೆ. ಇಟ್ಟಿಗೆಯಿಲ್ಲದೆ ಮೇಸ್ತ್ರಿ ಏನು ಕಟ್ಟಿಯಾನು? ಬಿಸಿಲು ಸಮೃದ್ಧವಾಗಿರುವ ನೈಜೀರಿಯದಲ್ಲಿ ಮಕ್ಕಳಿಗೆ ರಿಕೆಟ್ಸ್ ಬರುವುದನ್ನು ಶೋಧಿಸಿದಾಗ, ಜೀವಸತ್ತ್ವವನ್ನಷ್ಟೇ ಕೊಡುವುದಕ್ಕಿಂತ ಕ್ಯಾಲ್ಸಿಯಂ ಕೊಟ್ಟಾಗ ಹೆಚ್ಚು ಗುಣ ಕಂಡಿತೆಂದು 1999 ರಲ್ಲಿ ಪ್ರಕಟವಾಯಿತು. ಈ ದೃಷ್ಟಿಯಿಂದ ನಮ್ಮ ರಾಗಿ ದೊಡ್ಡ ಆಸ್ತಿ. ನೂರು ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ ಇದೆ. ಧಾನ್ಯಗಳಲ್ಲಿರುವ ಫೈಟೇಟ್ ಎಂಬ ವಸ್ತು ಅದರಲ್ಲಿ ಒಂದಷ್ಟನ್ನು ಕಟ್ಟಿಹಾಕುವುದು ನಿಜ. ಕಾಳನ್ನು ಮೊಳಕೆ ಬರಿಸಿದರೆ, ಹಿಟ್ಟನ್ನು ಹುಳಿ ಬರಿಸಿದರೆ ಈ ದೋಷ ತಗ್ಗುತ್ತದೆ. ಜೊತೆಗೆ ಹಾಲು, ಮಜ್ಜಿಗೆ ಇದ್ದರೆ ಇನ್ನೂ ಒಳ್ಳೆಯದು.

ಮಾತ್ರೆಯ ಮೋಹ

ಕೊರತೆಯ ಸುದ್ದಿ ಹಬ್ಬಿದಂತೆ ಮಾತ್ರೆಗಳ ಮೋಹವೂ ಹಬ್ಬಿದೆ. ಈ ಜೀವಸತ್ತ್ವ ಸಕಲ ರೋಗಗಳಿಗೂ ಮದ್ದೆಂಬ ಪ್ರಚಾರ ಕೇಳಿಬಂದಿತು. ಅದನ್ನು ಒರೆಗೆ ಹಚ್ಚಲು ಅಮೆರಿಕೆಯಲ್ಲಿ 25,871 ಮಂದಿಯ ಮೇಲೆ ಒಂದು ದೊಡ್ಡ ಪರೀಕ್ಷೆ ನಡೆಯಿತು. ದಿನಕ್ಕೆ 2,000 ಯೂನಿಟ್ ಸೇವಿಸಿದವರಲ್ಲಿ ಕ್ಯಾನ್ಸರ್ ಆಗಲಿ ಹೃದಯಾಘಾತದಂತಹ ವಿಪತ್ತುಗಳಾಗಲಿ ಇತರರಿಗಿಂತ ಕಡಮೆಯಾಗಲಿಲ್ಲವೆಂದು 2019 ರಲ್ಲಿ ಅದರ ಫಲಿತಾಂಶ ಅಚ್ಚಾಯಿತು. ಆ ಜನರಲ್ಲಿ ಬಹುಮಂದಿಗೆ ಮೊದಲೇ ಕೊರತೆಯಿರಲಿಲ್ಲ ಎಂಬುದನ್ನು ಮರೆಯಬಾರದು. ಇದ್ದವನಿಗೆ ಮತ್ತಷ್ಟು ಕೊಟ್ಟರೆ ಫಲವಿಲ್ಲ. ಇಲ್ಲದವನಿಗೆ ಕೊಡುವುದು ಅವಶ್ಯ. ಎರಡೂ ಮಾತುಗಳು ಒಟ್ಟಿಗೆ ನಿಲ್ಲುತ್ತವೆ.

ಬಿಸಿಲಿಗೆ ಇರುವ ತಡೆ ಮಾತ್ರೆಗೆ ಇಲ್ಲ. ಮಿತಿಮೀರಿದ ಜೀವಸತ್ತ್ವ ಕೊಬ್ಬಿನಲ್ಲಿ ಶೇಖರವಾಗುತ್ತದೆ. ರಕ್ತದಲ್ಲಿ ಕ್ಯಾಲ್ಸಿಯಂ ಏರಿ ವಾಂತಿ, ನಿತ್ರಾಣ, ಮೂತ್ರಪಿಂಡಕ್ಕೆ ಹಾನಿ ಇವು ತಲೆದೋರುತ್ತವೆ. ನಮ್ಮಲ್ಲಿ ವಾರಕ್ಕೊಮ್ಮೆ ಸೇವಿಸಬೇಕೆಂದು ವೈದ್ಯರು ಬರೆದುಕೊಡುವ 60,000 ಯೂನಿಟ್ಟಿನ ಔಷಧವನ್ನು ದಿನವೂ ನುಂಗಿ ಆಸ್ಪತ್ರೆ ಸೇರಿದವರ ಉದಾಹರಣೆಗಳು ವೈದ್ಯಕೀಯ ಪತ್ರಿಕೆಗಳಲ್ಲಿ ಇವೆ. ವೈದ್ಯರ ಮಾತಿಲ್ಲದೆ ಇಂತಹ ಔಷಧವನ್ನು ಮುಟ್ಟಬಾರದು.

ಹಾಗಾದರೆ ವಿದ್ಯಾರ್ಥಿಗಳು ಮಾಡಬೇಕಾದುದೇನು? ಜೀವಮಾನದ ಮೂಳೆಯ ಸಂಪತ್ತಿನಲ್ಲಿ ಬಹುಭಾಗ ಇಪ್ಪತ್ತರ ಆಸುಪಾಸಿನೊಳಗೇ ಕೂಡಿಬೀಳುತ್ತದೆ. ಮುಂದಿನ ವಯಸ್ಸಿನಲ್ಲಿ ನಾವು ಮಾಡುವುದೆಲ್ಲ ಅದರ ವೆಚ್ಚವೇ. ಆದುದರಿಂದ ಈ ವಿಷಯ ಮುದುಕರದಲ್ಲ, ಓದುವ ಹುಡುಗ ಹುಡುಗಿಯರದು. ನಡುಹಗಲಿನ ಬಿಡುವನ್ನು ಕೊಠಡಿಯೊಳಗೆ ಕಳೆಯದೆ, ಮುಖ, ಕೈ, ತೋಳುಗಳಿಗೆ ಸ್ವಲ್ಪ ಹೊತ್ತು ಬಿಸಿಲು ಸೋಕುವಂತೆ ಬಯಲಿನಲ್ಲಿ ಓಡಾಡಬೇಕು. ಚರ್ಮ ಉರಿಯುವ ಮೊದಲೇ ನೆರಳಿಗೆ ಸರಿಯಬೇಕು. ಬಿಸಿಲು ತಾಳದ ಚರ್ಮವುಳ್ಳವರು ವೈದ್ಯರನ್ನು ಕೇಳಿ ನಡೆಯಬೇಕು. ತಟ್ಟೆಯಲ್ಲಿ ರಾಗಿ, ಹಾಲು, ಸೊಪ್ಪು, ತಿನ್ನುವವರಿಗೆ ಮೀನು ಮೊಟ್ಟೆ ಇರಬೇಕು. ಶಾಲೆಗಳ ಮುಖ್ಯಸ್ಥರೂ ಆಟದ ಪಿರಿಯಡ್ಡನ್ನು ಹೊತ್ತು ಮುಳುಗುವ ವೇಳೆಗೆ ತಳ್ಳುವ ಮೊದಲು ಒಮ್ಮೆ ಅಂಗಳದ ನೆರಳನ್ನು ಅಳೆದು ನೋಡಬಹುದು.

ಲಂಡನ್ನಿನವನು ಆಹಾರವೆಂದನು, ಬರ್ಲಿನ್ನಿನವನು ಬೆಳಕೆಂದನು, ಇಬ್ಬರೂ ಗೆದ್ದರು. ನಮಗೆ ಒಂದನ್ನು ಬಿಟ್ಟು ಇನ್ನೊಂದನ್ನು ಆರಿಸುವ ಕಷ್ಟವಿಲ್ಲ. ಬಿಸಿಲಿಗೆ ನಮ್ಮಲ್ಲಿ ಬೆಲೆಯಿಲ್ಲ, ರಾಗಿಗೆ ಬರವಿಲ್ಲ. ಬೇಕಾದುದು ಹೊಸ್ತಿಲನ್ನು ದಾಟಿ ಹೊರಗೆ ಬರುವ ಅಭ್ಯಾಸವೊಂದೇ.